ಎರಡು ಸಲ ಕಟ್ಟಿದ ಪದ್ಮಿನಿ ಇಂಜಿನ್: ಯಾವ ಜಾಗಕ್ಕೆ ಯಾವ ಎಣ್ಣೆ, ಯಾವ ಪೇಸ್ಟ್

ಬೆಳಗಾವಿ ಟಿಳಕವಾಡಿಯ ಒಬ್ಬ ನಿವೃತ್ತ ಮಾಸ್ತರರ ಪ್ರೀಮಿಯರ್ ಪದ್ಮಿನಿ ಇಂಜಿನ್ ಉದ್ಯಮಬಾಗದ ನಮ್ಮ ಶಾಪಿಗೆ ಬಂದಾಗ ಅದನ್ನು ಕಟ್ಟಿ ಇನ್ನೂ ಒಂದು ವರ್ಷ ಆಗಿರಲಿಲ್ಲ. ಬೋರಿಂಗ್ (ಪಿಸ್ಟನ್ ಓಡಾಡುವ ಕೊಳವೆ, ಅಂದರೆ ಬೋರ್, ಕೊರೆದು ಸರಿ ಮಾಡುವುದು) ಆಗಿತ್ತು, ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಶಾಫ್ಟಿನ ಗ್ರೈಂಡಿಂಗ್ ಆಗಿತ್ತು, ಪಿಸ್ಟನ್, ರಿಂಗ್, ಬೇರಿಂಗ್ ಶೆಲ್ (ಶಾಫ್ಟ್ ಕೂರುವ ಅರ್ಧ ಬಳೆಯಂಥ ಪಟ್ಟಿ) ಎಲ್ಲ ಹೊಸವು. ಆದರೂ ನೀಲಿ ಹೊಗೆ. ಮೇಲೆ ಟಿಕ್ ಟಿಕ್ ಶಬ್ದ. ಇಂಜಿನ್ ಬಿಸಿಯಾದ ಮೇಲೆ ಸ್ಲೋದಲ್ಲಿ ಬಿಟ್ಟರೆ ಆಯಿಲ್ ಲೈಟ್ ಮಿಣುಕುತ್ತಿತ್ತು. ಕಟ್ಟಿಕೊಟ್ಟ ಗ್ಯಾರೇಜಿನವರು "ಹಳೇ ಗಾಡಿ, ಇಷ್ಟೇ" ಅಂದಿದ್ದರಂತೆ. ಆ ಮಾತು ನನಗೆ ಒಪ್ಪಿಗೆಯಿಲ್ಲ. 1089 ಸಿಸಿಯ ಈ ಫಿಯೆಟ್ ಇಂಜಿನ್ ಸರಿಯಾಗಿ ಕಟ್ಟಿದರೆ ಸುಮ್ನೆ ಓಡಿಕೊಂಡಿರುತ್ತದೆ. ಮುಂಬೈ ರಸ್ತೆಯಲ್ಲಿ ಪದ್ಮಿನಿ ಟ್ಯಾಕ್ಸಿಗಳು 2023ರ ಅಕ್ಟೋಬರ್ ತನಕ ಓಡಿದವು, ಅದೂ ದಿನವಿಡೀ ಟ್ರಾಫಿಕ್ಕಿನಲ್ಲಿ.

ಈ ಇಂಜಿನ್ ಹಾಳಾಗಿದ್ದು ಪಾರ್ಟ್ಸ್‌ನಿಂದ ಅಲ್ಲ. ಕಟ್ಟುವಾಗ ಸವರಿದ್ದರಿಂದ, ಮತ್ತು ಕಟ್ಟಿದ ಮೇಲೆ ಅದು ನಿಂತ ರೀತಿಯಿಂದ. ಹಾಗಾಗಿಯೇ ಇದನ್ನು ಪೂರ್ತಿ ಬರೆಯುತ್ತಿದ್ದೇನೆ. ಇಂಜಿನ್ ಕಟ್ಟುವವರು ಬೋರ್ ಸೈಜ್, ಬೇರಿಂಗ್ ಕಂಪನಿ ಎಲ್ಲ ಗಂಟೆಗಟ್ಟಲೆ ಮಾತಾಡುತ್ತಾರೆ, ಕೊನೆಗೆ ಕೈಗೆ ಸಿಕ್ಕ ಡಬ್ಬಿ ತೆಗೆದು ಎಲ್ಲ ಕಡೆ ಒಂದೇ ಸಮ ಬಳಿಯುತ್ತಾರೆ.

ಮೊದಲು ಹಿನ್ನೆಲೆ. ಮೊದಲನೇ ಸಲ ಇಂಜಿನ್ ಕಟ್ಟಿದ್ದು ಮಳೆಗಾಲಕ್ಕೆ ಮುಂಚೆ. ಬಾಡಿ ಟಿಂಕರಿಂಗ್ ಮತ್ತು ಪೇಂಟಿಂಗಿಗೆ ಹೋಗಿತ್ತು, ಅದು ಮುಗಿಯಲಿಲ್ಲ. ಇಂಜಿನ್ ಮಳೆಗಾಲ ಪೂರ್ತಿ ಗ್ಯಾರೇಜಿನ ಮೂಲೆಯಲ್ಲಿ ನಿಂತಿತ್ತು. ಬೆಳಗಾವಿ ಮಳೆ ಗೊತ್ತಲ್ಲ, ಜೂನ್‌ನಲ್ಲಿ ಹಿಡಿದರೆ ಗೋಡೆಯೂ ಒಣಗುವುದಿಲ್ಲ, ಬೀರುವಿನಲ್ಲಿಟ್ಟ ಬಟ್ಟೆಯೂ ಹಸಿ ಹಸಿ. ದಸರಾ ಆದ ಮೇಲೆ ಇಂಜಿನ್ ಗಾಡಿಗೆ ಕೂರಿಸಿ, ಬಹಳ ಹೊತ್ತು ಸೆಲ್ಫ್ ಹೊಡೆದು, ಚಾಲೂ ಆದ ಮೇಲೆ "ಸೆಟ್ ಆಗಲಿ" ಅಂತ ಅರ್ಧ ದಿನ ಸ್ಲೋದಲ್ಲಿ ಬಿಟ್ಟಿದ್ದರು. ಇದೆಲ್ಲ ಮಾಸ್ತರರೇ ಪಕ್ಕದಲ್ಲಿ ನಿಂತು ನೋಡಿದ್ದು.

ಬಿಚ್ಚಿದಾಗ ಸಿಕ್ಕಿದ್ದು ಹೀಗಿದೆ. ಆಯಿಲ್ ಚೇಂಬರ್ ಇಳಿಸಿದ ಕೂಡಲೇ ಪಂಪಿನ ಸ್ಟ್ರೇನರ್ ಜಾಲರಿ ಮೇಲೆ ಕಂದು ಬಣ್ಣದ ಮುದ್ದೆಗಳು. ಬೆರಳಲ್ಲಿ ಹಿಸುಕಿದರೆ ಜಿಗುಟು, ಉಗುರಿನ ಸಂದಿಗೆ ಹೊಕ್ಕರೆ ಬರುವುದೇ ಇಲ್ಲ. ಪೆಟ್ರೋಲಿನಲ್ಲಿ ಅದ್ದಿದರೂ ಕರಗಲು ಹಟ ಮಾಡಿತು. ಅದು ಗ್ರೀಸ್. ವೀಲ್ ಬೇರಿಂಗಿಗೆ, ಚಾಸಿಗೆ ಹಾಕುವ ಮಾಮೂಲಿ ಗ್ರೀಸ್. ಜಾಲರಿಯ ಅರ್ಧದಷ್ಟು ಕಣ್ಣು ಮುಚ್ಚಿತ್ತು. ಆಯಿಲ್ ಲೈಟ್ ಯಾಕೆ ಮಿಣುಕುತ್ತಿತ್ತು ಅನ್ನೋದಕ್ಕೆ ಇಲ್ಲೇ ಉತ್ತರ ಸಿಕ್ಕಿತು.

ಮುಂದೆ ಕ್ಯಾಮ್ ಶಾಫ್ಟ್, ಅಂದರೆ ಲೋಬ್ ಅನ್ನುವ ಉಬ್ಬುಗಳಿಂದ ವಾಲ್ವ್ ತೆರೆಸುವ ಶಾಫ್ಟ್. ಒಂದು ಎಕ್ಸಾಸ್ಟ್ ಲೋಬಿನ ತುದಿ ಚಪ್ಪಟೆಯಾಗಿತ್ತು. ಅದರ ಮೇಲೆ ಕೂತು ಆ ತಳ್ಳುವಿಕೆಯನ್ನು ವಾಲ್ವ್ ಕಡೆಗೆ ಸಾಗಿಸುವ ಟ್ಯಾಪೆಟ್ ಮುಖದಲ್ಲಿ ತಗ್ಗು. ಬೆರಳ ತುದಿ ಆಡಿಸಿದರೆ ತಿಳಿಯುವಷ್ಟು. ಶಬ್ದ ಇದರದ್ದೇ. ಇನ್ನು ಬೋರ್. ಹೋನಿಂಗ್ ಗೆರೆಗಳು (ಬೋರಿನ ಒಳಮೈಯನ್ನು ಕಲ್ಲಿನಿಂದ ಉಜ್ಜಿ ಮೂಡಿಸುವ ಸಣ್ಣ ಗೆರೆಗಳು) ಕಾಣಬೇಕಾದ ಜಾಗದಲ್ಲಿ ಕನ್ನಡಿಯ ಹಾಗೆ ಮಿರುಗು, ಎರಡು ಬೋರಿನಲ್ಲಿ ರಿಂಗ್ ನಿಂತ ಕಡೆ ತುಕ್ಕಿನ ಕಲೆ. ಬೇರಿಂಗ್ ಶೆಲ್‌ಗಳಲ್ಲಿ ಸುತ್ತಲೂ ಸಣ್ಣ ಗೀರು, ಗೀರಿನ ಕೊನೆಯಲ್ಲಿ ಕಪ್ಪು ಚುಕ್ಕೆ. ಅದು ಹೋನಿಂಗ್ ಕಲ್ಲಿನ ಪುಡಿ, ಶೆಲ್ಲಿನ ಮೆತ್ತನೆ ಲೋಹದಲ್ಲಿ ನಾಟಿಕೊಂಡಿದ್ದು.

ನಮ್ಮ ಮಿಸ್ತ್ರಿ ಮಾಮಾ ಎಲ್ಲ ಟೇಬಲ್ ಮೇಲೆ ಜೋಡಿಸಿ ನೋಡಿ ಮಾಸ್ತರರಿಗೆ ಒಂದೇ ಪ್ರಶ್ನೆ ಕೇಳಿದರು: "ಮಾಸ್ತರ್ರ, ಈ ಸಲ ಕಟ್ಟಿದ ಮ್ಯಾಲೆ ಗಾಡಿ ಯಾವಾಗ ಚಾಲೂ ಮಾಡ್ತೀರಿ?" ಮಾಸ್ತರರು ಪೇಂಟಿನ ಒಂದು ಭಾಗ ಮತ್ತೆ ಮಾಡಿಸಬೇಕು, ವೈರಿಂಗ್ ಬದಲಿಸಬೇಕು, ಮಳೆ ಮುಗಿದ ಮೇಲೇ ಅಂದರು. ಅಂದರೆ ಮತ್ತೆ ಮೂರ್ನಾಲ್ಕು ತಿಂಗಳು ನಿಲ್ಲುತ್ತದೆ. ಈ ಒಂದು ಉತ್ತರ ಗೊತ್ತಿಲ್ಲದೆ ಎಣ್ಣೆ ಆರಿಸೋಕೆ ಆಗುವುದಿಲ್ಲ.

ಯಾಕೆ ಅಂತ ಹೇಳುತ್ತೇನೆ. ಇಂಜಿನ್ ಓಡುವಾಗ ಕ್ರ್ಯಾಂಕ್ ಬೇರಿಂಗಿಗೆ ತಾಗುವುದೇ ಇಲ್ಲ, ನಡುವೆ ಎಣ್ಣೆಯ ಪೊರೆ ಇರುತ್ತದೆ, ಅದರ ಮೇಲೆ ತೇಲುತ್ತದೆ. ಕ್ರ್ಯಾಂಕಿನಲ್ಲಿ ಬೇರಿಂಗಿನೊಳಗೆ ತಿರುಗುವ ಭಾಗಕ್ಕೆ ಜರ್ನಲ್ ಅನ್ನುತ್ತಾರೆ; ಐವತ್ತು ಮಿಲಿಮೀಟರ್ ದಪ್ಪದ ಜರ್ನಲ್‌ಗೆ ಸಂದು ಹೆಚ್ಚುಕಡಿಮೆ 0.05 ಮಿ.ಮೀ., ನಮ್ಮ ತಲೆಗೂದಲಿಗಿಂತ ಕಡಿಮೆ. ಪಂಪ್ ಎಣ್ಣೆ ತುಂಬುವ ತನಕ ಆ ಸಂದಿನಲ್ಲಿ ನಾವು ಕಟ್ಟುವಾಗ ಹಾಕಿದ್ದೇ ಗತಿ. ಇವತ್ತು ಕಟ್ಟಿ ನಾಳೆ ಚಾಲೂ ಮಾಡುವುದಾದರೆ ಮಾಮೂಲಿ ಇಂಜಿನ್ ಆಯಿಲ್ ಬೇರಿಂಗಿಗೆ ಸಾಕು. ತಿಂಗಳುಗಟ್ಟಲೆ ನಿಂತರೆ ಅದು ಮೆಲ್ಲಗೆ ಇಳಿದು ಚೇಂಬರಿಗೆ ಹೋಗುತ್ತದೆ, ಮೇಲೆ ಉಳಿಯುವುದು ತೆಳು ಪಸೆ ಅಷ್ಟೇ. ಆದ್ದರಿಂದ ಜಾಸ್ತಿ ದಿನ ನಿಲ್ಲುವ ಇಂಜಿನ್ನಿಗೆ ಅಂಟಿಕೊಂಡು ನಿಲ್ಲುವಂಥದ್ದು ಬೇಕು. ಆದರೆ ಅಂಟುವುದೆಲ್ಲ ಒಳ್ಳೆಯದಲ್ಲ. ಗ್ರೀಸ್ ಕೂಡ ಅಂಟುತ್ತದೆ, ಆದರೆ ಅದನ್ನು ಗಟ್ಟಿ ಮಾಡಿರುವುದು ಸೋಪಿನಂಥ ವಸ್ತು. ಎಣ್ಣೆಯಲ್ಲಿ ಅದು ಪೂರ್ತಿ ಕರಗುವುದಿಲ್ಲ, ಮುದ್ದೆಯಾಗಿ ಜಾಲರಿಗೆ, ಫಿಲ್ಟರಿಗೆ, ಸಣ್ಣ ತೂತುಗಳಿಗೆ ಹೋಗಿ ಕೂರುತ್ತದೆ. ಇಂಜಿನ್ ಕಟ್ಟಲು ಅಂತಲೇ ಬರುವ ಅಸೆಂಬ್ಲಿ ಲ್ಯೂಬ್ ಅಂಟುತ್ತದೆ, ಬಿಸಿಯಾದಾಗ ಎಣ್ಣೆಯಲ್ಲಿ ಬೆರೆತು ಹೋಗುತ್ತದೆ. ವ್ಯತ್ಯಾಸ ಇಷ್ಟೇ, ಆದರೆ ಇದೇ ದೊಡ್ಡದು. ಬಿಳಿ ಲಿಥಿಯಂ ಗ್ರೀಸ್ ಕೂಡ ಗ್ರೀಸೇ, ಬಣ್ಣ ಚೆಂದ ಇದೆ ಅಂತ ಒಳಗೆ ಹಾಕಬೇಡಿ.

ಟೇಬಲ್ ಮೇಲೆ ನಮ್ಮ ಹತ್ತಿರ ಇದ್ದದ್ದು: 20ಡಬ್ಲ್ಯೂ-50 (ಇದು ಎಣ್ಣೆಯ ದಪ್ಪದ ದರ್ಜೆ) ಮಿನರಲ್ ಇಂಜಿನ್ ಆಯಿಲ್, ತರಿಸಿಕೊಂಡ ಅಸೆಂಬ್ಲಿ ಲ್ಯೂಬ್, ಮಾಲಿಬ್ಡಿನಮ್ ಡೈಸಲ್ಫೈಡ್ (ನಾವು ಮಾಲಿ ಅನ್ನುವುದು) ಪೇಸ್ಟ್, ಪೆಟ್ರೋಲಿಯಂ ಜೆಲ್ಲಿ, ಗೇರ್ ಆಯಿಲ್. ಗೇರ್ ಆಯಿಲ್ ಹುಡುಗ ತಂದಿಟ್ಟಿದ್ದ. ಹಿಂದೆ ಬಹಳ ಜನ ಇಂಜಿನ್ ಆಯಿಲಿಗೆ ಇದನ್ನು ಬೆರೆಸಿ ಬೇರಿಂಗಿಗೆ ಸವರುತ್ತಿದ್ದರು, ದಪ್ಪ ಇರುತ್ತದಲ್ಲ. ಮಾಮಾ ಅದನ್ನು ಪಕ್ಕಕ್ಕಿಟ್ಟರು. ಗೇರ್ ಆಯಿಲಿನಲ್ಲಿರುವ ಗಂಧಕದ ಸಂಯುಕ್ತಗಳು ಹಲ್ಲಿಗೆ ಹಲ್ಲು ಉಜ್ಜುವ ಕಡೆ ಒಳ್ಳೆಯ ಕೆಲಸ ಮಾಡುತ್ತವೆ, ಆದರೆ ತಾಮ್ರ ಇರುವ ಲೋಹದ ಜೊತೆ ಅವಕ್ಕೆ ಹೊಂದಾಣಿಕೆ ಕಡಿಮೆ. ಬುಶ್ ಮೇಲೆ, ಶೆಲ್ ಮೇಲೆ ತಿಂಗಳುಗಟ್ಟಲೆ ಅದನ್ನು ಬಿಟ್ಟು ಏನೂ ಸಿಗುವುದಿಲ್ಲ.

ಎಣ್ಣೆಗಿಂತ ಮೊದಲು ತೊಳೆಯುವುದು. ಇದನ್ನು ಬಿಟ್ಟು ಯಾವ ದುಬಾರಿ ಲ್ಯೂಬ್ ಹಾಕಿದರೂ ವ್ಯರ್ಥ. ಹೋನಿಂಗ್ ಆದ ಬ್ಲಾಕನ್ನು ಡೀಸೆಲ್‌ನಲ್ಲಿ, ಸೀಮೆಎಣ್ಣೆಯಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ, ಕಲ್ಲಿನ ಪುಡಿ ಗೆರೆಗಳ ಒಳಗೇ ಉಳಿಯುತ್ತದೆ. ಬಿಸಿ ನೀರು, ಸೋಪಿನ ಪುಡಿ, ಗಟ್ಟಿ ಬ್ರಶ್. ಉಜ್ಜಿ, ಮತ್ತೆ ಉಜ್ಜಿ, ಗಾಳಿ ಹೊಡೆದು ಒಣಗಿಸಿ, ಕೂಡಲೇ ಎಣ್ಣೆ ಸವರಬೇಕು. ಕೂಡಲೇ ಅಂದ್ರೆ ಆ ಕ್ಷಣ, ಚಹಾ ಕುಡಿದು ಬಂದು ಅಲ್ಲ, ಯಾಕಂದ್ರೆ ಮಳೆಗಾಲದ ಹವೆಯಲ್ಲಿ ತೊಳೆದ ಬೀಡಿನ (ಎರಕದ ಕಬ್ಬಿಣದ) ಬೋರ್ ನೋಡ್ತಾ ನೋಡ್ತಾ ಕೆಂಪಗಾಗುತ್ತದೆ. ಆಮೇಲೆ ಎಣ್ಣೆ ಹಾಕಿದ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಇನ್ನೂ ಪುಡಿ ಇದೆ, ಮತ್ತೆ ತೊಳೆಯಿರಿ. ನಮ್ಮ ಬ್ಲಾಕಿನಲ್ಲಿ ನಾಲ್ಕನೇ ಬೋರಿನ ಕೆಳಭಾಗ ಬಟ್ಟೆಗೆ ಬಣ್ಣ ಬಿಡುತ್ತಲೇ ಇತ್ತು, ಅದು ಬಿಳಿಯಾಗಿ ಬರುವ ತನಕ ಮಾಮಾ ಮುಂದಕ್ಕೆ ಹೋಗಲು ಬಿಡಲಿಲ್ಲ.

ಈಗ ಒಂದೊಂದೇ ಜಾಗ.

ಮೇನ್ ಬೇರಿಂಗ್ (ಕ್ರ್ಯಾಂಕ್ ಬ್ಲಾಕಿನಲ್ಲಿ ಕೂರುವ ಕಡೆ) ಮತ್ತು ಪಿಸ್ಟನ್ನಿನ ರಾಡ್ ಕ್ರ್ಯಾಂಕಿಗೆ ಸೇರುವ ಬಿಗ್ ಎಂಡ್‌ಗೆ ಅಸೆಂಬ್ಲಿ ಲ್ಯೂಬ್. ಶಾಫ್ಟ್ ತಿರುಗುವ ಮುಖಕ್ಕೆ ಮಾತ್ರ. ಶೆಲ್ಲಿನ ಬೆನ್ನು ಮತ್ತು ಅದು ಕೂರುವ ಜಾಗ ಪೂರ್ತಿ ಒಣಗಿರಬೇಕು, ಬೆರಳಿನ ಎಣ್ಣೆಯೂ ಇರಬಾರದು. ಇದನ್ನು ಎಷ್ಟೋ ಕೈಪಳಗಿದವರೂ ಲಕ್ಷ್ಯ ಕೊಡುವುದಿಲ್ಲ. ಬೆನ್ನ ಹಿಂದೆ ಎಣ್ಣೆ ಸಿಕ್ಕಿಕೊಂಡರೆ ಶೆಲ್ ಸರಿಯಾಗಿ ಕೂರುವುದಿಲ್ಲ, ಬಿಸಿ ಬ್ಲಾಕಿಗೆ ಹೋಗುವುದಿಲ್ಲ, ಇರುವ ಸಣ್ಣ ಸಂದೂ ಕಡಿಮೆಯಾಗುತ್ತದೆ.

ಬೋರ್, ಪಿಸ್ಟನ್, ರಿಂಗ್. ಇಲ್ಲಿ ಎಲ್ಲಕ್ಕಿಂತ ಕಡಿಮೆ, ಎಲ್ಲಕ್ಕಿಂತ ಸಾದಾ. ತೆಳುವಾಗಿ ಮಿನರಲ್ ಇಂಜಿನ್ ಆಯಿಲ್, ಅಷ್ಟೇ. ಮಾಲಿ ಬೇಡ, ಅಂಟು ಲ್ಯೂಬ್ ಬೇಡ. ಉಳಿದ ಎಲ್ಲ ಕಡೆ ನಾವು ಸವೆತ ತಡೆಯಲು ನೋಡುತ್ತೇವೆ, ಇಲ್ಲಿ ಮಾತ್ರ ಒಂದಿಷ್ಟು ಸವೆತ ಬೇಕೇ ಬೇಕು. ಹೋನಿಂಗ್ ಗೆರೆಯ ಚೂಪು ತುದಿಗಳು ಮತ್ತು ರಿಂಗಿನ ಅಂಚು ಒಂದನ್ನೊಂದು ಉಜ್ಜಿ ಕೂಡಬೇಕು, ಅದು ಆಗುವುದು ಮೊದಲ ಕೆಲವು ಗಂಟೆಗಳಲ್ಲಿ. ಆ ಹೊತ್ತಿನಲ್ಲಿ ಜಾರುವ ಪೇಸ್ಟ್ ಹಾಕಿ, ಮೇಲಿಂದ ಲೋಡ್ ಇಲ್ಲದೆ ಸ್ಲೋದಲ್ಲಿ ಅರ್ಧ ದಿನ ಓಡಿಸಿದರೆ ಎಣ್ಣೆ ಬೆಂದು ಗೆರೆಗಳಲ್ಲಿ ಮೆರುಗಾಗಿ ಕೂರುತ್ತದೆ. ಹಳೆಯ ಬೋರ್ ಮಿರುಗುತ್ತಿದ್ದದ್ದು ಅದರಿಂದಲೇ. ಹಾಗಾದ ಮೇಲೆ ರಿಂಗ್ ಎಷ್ಟು ಓಡಿಸಿದರೂ ಕೂರುವುದಿಲ್ಲ, ಮತ್ತೆ ಹೋನಿಂಗೇ ಗತಿ.

ಕ್ಯಾಮ್ ಲೋಬ್ ಮತ್ತು ಟ್ಯಾಪೆಟ್ ಮುಖ. ಇಲ್ಲಿ ಮಾಲಿ ಪೇಸ್ಟ್, ದಪ್ಪಗೆ. ಪದ್ಮಿನಿಯದು ಪುಶ್ ರಾಡ್ ಇಂಜಿನ್, ಟ್ಯಾಪೆಟ್ ನೇರವಾಗಿ ಲೋಬ್ ಮೇಲೆ ಉಜ್ಜಿಕೊಂಡೇ ಹೋಗುತ್ತದೆ, ರೋಲರ್ ಇಲ್ಲ. ಒಂದು ಸಣ್ಣ ಗೆರೆಯಷ್ಟು ಜಾಗದ ಮೇಲೆ ವಾಲ್ವ್ ಸ್ಪ್ರಿಂಗಿನ ಒತ್ತಡವೆಲ್ಲ ಬೀಳುತ್ತದೆ. ಇಲ್ಲಿ ಎಣ್ಣೆಯ ಪೊರೆ ಪೂರ್ತಿ ನಿಲ್ಲುವುದಿಲ್ಲ, ಲೋಹಕ್ಕೆ ಅಂಟಿಕೊಂಡು ಒತ್ತಡ ತಡೆಯುವ ಪದರ ಬೇಕು. ಅಂಗಡಿಯಲ್ಲಿ ಮಾಲಿ ಅಂತ ಕೇಳಿದರೆ ಮಾಲಿ ಗ್ರೀಸ್ ಕೊಡುತ್ತಾರೆ, ಎಚ್ಚರ. ಅದರಲ್ಲಿ ಮಾಲಿ ಸಾಮಾನ್ಯವಾಗಿ ಶೇಕಡಾ 3ರಿಂದ 5, ಉಳಿದದ್ದು ಮತ್ತೆ ಅದೇ ಗ್ರೀಸ್. ಇಂಜಿನ್ ಕ್ಯಾಮಿಗೆ ಅಂತ ಬರುವ ಪೇಸ್ಟ್ ಬೇರೆ, ಅದರಲ್ಲಿ ಮಾಲಿ ಎಷ್ಟೋ ಪಟ್ಟು ಜಾಸ್ತಿ. ಟ್ಯಾಪೆಟ್‌ನ ಮುಖಕ್ಕೆ ಪೇಸ್ಟ್, ಪಕ್ಕಗಳಿಗೆ ತೆಳು ಎಣ್ಣೆ ಮಾತ್ರ. ಟ್ಯಾಪೆಟ್ ಮೇಲೆ ಕೆಳಗೆ ಹೋಗುವಾಗ ತನ್ನ ಸುತ್ತಲೇ ತಿರುಗಬೇಕು, ಹಾಗೆ ತಿರುಗಿದರೆ ಸವೆತ ಮುಖಕ್ಕೆಲ್ಲ ಹಂಚಿ ಹೋಗುತ್ತದೆ. ಪಕ್ಕದಲ್ಲಿ ಪೇಸ್ಟ್ ತುರುಕಿದರೆ ಅದು ತಿರುಗುವುದು ಕಷ್ಟ. ಪುಶ್ ರಾಡ್ ತುದಿಗಳಿಗೂ ಸ್ವಲ್ಪ ಪೇಸ್ಟ್ ಹಚ್ಚಿದೆವು.

ಆಯಿಲ್ ಪಂಪ್‌ಗೆ ಪೆಟ್ರೋಲಿಯಂ ಜೆಲ್ಲಿ. ಗೇರುಗಳ ಸಂದಿನಲ್ಲಿ ಖಾಲಿ ಜಾಗ ಇಲ್ಲದ ಹಾಗೆ ತುಂಬಿದೆವು. ತಿಂಗಳುಗಟ್ಟಲೆ ನಿಂತರೂ ಅದು ಇಳಿದು ಹೋಗುವುದಿಲ್ಲ, ಆದ್ದರಿಂದ ಪಂಪ್ ಒಣಗುವುದಿಲ್ಲ, ಮೊದಲ ಸುತ್ತಿನಲ್ಲೇ ಎಣ್ಣೆ ಎಳೆಯುತ್ತದೆ. ಬಿಸಿಯಾದರೆ ಕರಗಿ ಎಣ್ಣೆಯಲ್ಲಿ ಸೇರುತ್ತದೆ. ಇಲ್ಲೂ ಗ್ರೀಸ್ ಮಾತ್ರ ಬೇಡ.

ವಾಲ್ವ್ ಸ್ಟೆಮ್‌ಗೆ ಇಂಜಿನ್ ಆಯಿಲ್. ಆಯಿಲ್ ಸೀಲಿನ ತುಟಿಗೆ ಚೂರು ಎಣ್ಣೆ, ಹೊರಮೈ ಒಣಗಿರಲಿ. ಪ್ಯಾಕಿಂಗ್ ಕೂರುವ ಮುಖಗಳಲ್ಲಿ ಎಣ್ಣೆಯ ಪಸೆಯೂ ಇರಬಾರದು.

ಬೋಲ್ಟ್ ವಿಷಯ ಸ್ವಲ್ಪ ನಿಂತು ಹೇಳಬೇಕು. ಟಾರ್ಕ್ ರೆಂಚ್ ಹಾಕಿ ತಿರುಗಿಸಿದಾಗ ನಮ್ಮ ಬಲದಲ್ಲಿ ಬೋಲ್ಟನ್ನು ಎಳೆದು ಹಿಡಿಯಲು ಸಿಗುವುದು ಹತ್ತರಲ್ಲಿ ಒಂದು ಪಾಲು, ಉಳಿದದ್ದು ಆಟಿನಲ್ಲಿ (ಬೋಲ್ಟಿನ ಸುರುಳಿ ಗೆರೆಗಳಲ್ಲಿ) ಮತ್ತು ತಲೆಯ ಕೆಳಗಿನ ಘರ್ಷಣೆಯಲ್ಲಿ ಹೋಗುತ್ತದೆ. ಅಂದ್ರೆ ಆಟಿಗೆ ಏನು ಹಚ್ಚಿದಿರಿ ಅನ್ನೋದರ ಮೇಲೆ ಬಿಗಿ ಬದಲಾಗುತ್ತದೆ. ಕಂಪನಿ ಎಣ್ಣೆ ಹಚ್ಚಿ ಅಂತ ಹೇಳಿದ ಕಡೆ ಮಾಲಿ ಹಚ್ಚಿ ಅದೇ ಅಂಕಿಗೆ ಬಿಗಿದರೆ ಬೋಲ್ಟ್ ಬೇಕಾದ್ದಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಒಣಗಿಟ್ಟು ಬಿಗಿದರೆ ಸಡಿಲ. ಮ್ಯಾನ್ಯುಯಲ್ ಏನು ಹೇಳುತ್ತದೋ ಅದೇ. ಇನ್ನೊಂದು, ಕೆಳಗೆ ಮುಚ್ಚಿರುವ ತೂತುಗಳಲ್ಲಿ ಎಣ್ಣೆ ನಿಂತಿದ್ದರೆ ಗಾಳಿ ಹೊಡೆದು ತೆಗೆಯಿರಿ. ಬೋಲ್ಟ್ ಇಳಿದಾಗ ಆ ಎಣ್ಣೆಗೆ ಹೋಗಲು ದಾರಿ ಇಲ್ಲ, ಬೀಡು ಒಡೆದೀತು.

ಕಟ್ಟಿದ ಮೇಲೆ ನಿಲ್ಲಿಸಿಡುವ ಕೆಲಸ. ಮೊದಲನೇ ಸಲ "ಜಾಮ್ ಆಗದಿರಲಿ" ಅಂತ ಗ್ಯಾರೇಜಿನ ಹುಡುಗರು ಆಗಾಗ ಕ್ರ್ಯಾಂಕ್ ತಿರುಗಿಸುತ್ತಿದ್ದರಂತೆ. ಒಳ್ಳೆಯ ಉದ್ದೇಶವೇ, ಆದರೆ ಪ್ರತಿ ಸಲ ತಿರುಗಿಸಿದಾಗ ಲೋಬ್ ಮೇಲಿನ ಪದರ ಒರೆಸಿಕೊಂಡು ಹೋಗುತ್ತದೆ. ಮಾಮಾ ಟ್ಯಾಪೆಟ್ ಅಡ್ಜಸ್ಟಿಂಗ್ ಸ್ಕ್ರೂಗಳನ್ನೆಲ್ಲ ಪೂರ್ತಿ ಸಡಿಲ ಬಿಟ್ಟರು. ಇದರಿಂದ ಎರಡು ಲಾಭ. ಕ್ಯಾಮ್ ಮೇಲೆ ಸ್ಪ್ರಿಂಗಿನ ಒತ್ತಡವೇ ಇಲ್ಲ, ಮತ್ತು ವಾಲ್ವ್‌ಗಳೆಲ್ಲ ಮುಚ್ಚಿಕೊಂಡಿದ್ದರಿಂದ ಬೋರಿಗೆ ಹಸಿ ಗಾಳಿ ಹೋಗುವುದು ಕಡಿಮೆ. ಪ್ಲಗ್ ತೂತಿನಿಂದ ಸ್ವಲ್ಪ ಎಣ್ಣೆ ಬಿಟ್ಟು ಪ್ಲಗ್ ಹಾಕಿದೆವು, ಇಂಟೇಕ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ಪ್ಲಾಸ್ಟಿಕ್ ಸುತ್ತಿ ಟೇಪ್ ಹಾಕಿ ಕಟ್ಟಿದೆವು. ಆಮೇಲೆ ಯಾರೂ ಮುಟ್ಟಲಿಲ್ಲ.

ಚಾಲೂ ಮಾಡುವ ದಿನ ಎಣ್ಣೆಯ ಆಯ್ಕೆ. ಮಾಸ್ತರರ ಮಗ ಪುಣೆಯಿಂದ ಫುಲ್ ಸಿಂಥೆಟಿಕ್ ಕ್ಯಾನ್ ತಂದಿದ್ದ, 5ಡಬ್ಲ್ಯೂ-30, ದುಬಾರಿ. ಒಳ್ಳೆಯ ಎಣ್ಣೆಯೇ, ಅವನ ಕಾರಿಗೆ. ಈ ಇಂಜಿನ್ನಿಗೆ ಅಲ್ಲ. ಲೋಬ್ ಮತ್ತು ಟ್ಯಾಪೆಟ್ ಕಾಯುವುದು ಎಣ್ಣೆಯಲ್ಲಿರುವ ಝಡ್‌ಡಿಡಿಪಿ ಅನ್ನುವ ಸತು ಮತ್ತು ರಂಜಕದ ಸಂಯುಕ್ತ. ರಂಜಕ ಹೊಗೆಯ ಜೊತೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕೆಡಿಸುತ್ತದೆ ಅಂತ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಎನ್ ದರ್ಜೆಯ 5ಡಬ್ಲ್ಯೂ-30ರಂಥ ತೆಳು ಎಣ್ಣೆಗಳಲ್ಲಿ ಅದನ್ನು ಶೇಕಡಾ 0.08ಕ್ಕೆ ಮಿತಿ ಹಾಕಿದ್ದಾರೆ. 20ಡಬ್ಲ್ಯೂ-50ರಂಥ ದಪ್ಪ ಎಣ್ಣೆಗೆ ಆ ಮೇಲ್ಮಿತಿ ಇಲ್ಲ. ಪದ್ಮಿನಿಗೆ ಕನ್ವರ್ಟರೂ ಇಲ್ಲ. ಹಾಗಾಗಿ 20ಡಬ್ಲ್ಯೂ-50 ಮಿನರಲ್, ರಿಂಗ್ ಕೂರುವುದಕ್ಕೂ ಅದೇ ಸರಿ.

ಈ ಸಲ ಸೆಲ್ಫ್ ಹೊಡೆದು ಎಣ್ಣೆ ಏರಿಸಲಿಲ್ಲ. ಹೊಲಕ್ಕೆ ಔಷಧಿ ಹೊಡೆಯುವ ಕೈಪಂಪ್ ಒಂದು ಹೊಸದು ತಂದರು ಮಾಮಾ. ಹೊಸದೇ ಬೇಕು, ಒಂದು ಸಲ ಔಷಧಿ ಕಂಡದ್ದು ಬೇಡ. ಮುಂದಿನ ನಾಝಲ್ ತೆಗೆದು, ಆಯಿಲ್ ಪ್ರೆಶರ್ ಸ್ವಿಚ್ ಕೂರುವ ತೂತಿಗೆ ಹೊಂದುವ ಅಡಾಪ್ಟರ್ ಲೇತಿನಲ್ಲಿ ಮಾಡಿ, ಪೈಪಿಗೆ ಕ್ಲಿಪ್ ಹಾಕಿ ಬಿಗಿದರು. ಎಣ್ಣೆ ಬಿಸಿ ನೀರಿನ ಬಕೆಟ್ಟಿನಲ್ಲಿಟ್ಟು ಬೆಚ್ಚಗೆ ಮಾಡಿ ಪಂಪಿಗೆ ಸುರಿದು ಒತ್ತಿದರು. ಹುಡುಗ ಮುಂದೆ ಪಾನಾ ಹಾಕಿ ಕ್ರ್ಯಾಂಕ್ ಮೆಲ್ಲಗೆ ತಿರುಗಿಸುತ್ತಿದ್ದ, ನಾವೆಲ್ಲ ರಾಕರ್ ಕವರ್ ತೆಗೆದ ಜಾಗದಲ್ಲಿ ತಲೆ ಹಾಕಿ ನೋಡುತ್ತಿದ್ದೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ರಾಕರಿನ ತೂತಿನಲ್ಲಿ ಗುಳ್ಳೆ, ಹಿಂದೆಯೇ ಎಣ್ಣೆ. ನಂತರ ಪಕ್ಕದ್ದು. ಎಲ್ಲ ರಾಕರಿನಲ್ಲೂ ಎಣ್ಣೆ ಬಂದ ಮೇಲೆ ಅಡಾಪ್ಟರ್ ತೆಗೆದು ಸ್ವಿಚ್ ಹಾಕಿ, ಟ್ಯಾಪೆಟ್ ಸೆಟ್ ಮಾಡಿದರು.

ಪೆಟ್ರೋಲ್, ಟೈಮಿಂಗ್, ನೀರು ಎಲ್ಲ ಮೊದಲೇ ನೋಡಿಕೊಂಡಿದ್ದರಿಂದ ಇಂಜಿನ್ ಜಾಸ್ತಿ ಕಾಡದೆ ಹಿಡಿಯಿತು. ಹಿಡಿದ ಕೂಡಲೇ ರೇಸ್ ಏರಿಸಿ 2000ದಿಂದ 2500 ಆರ್‌ಪಿಎಂ ನಡುವೆ ಇಟ್ಟು ಇಪ್ಪತ್ತು ನಿಮಿಷ ಓಡಿಸಿದೆವು, ಸ್ಲೋಗೆ ಬಿಡಲೇ ಇಲ್ಲ. ಮಾಸ್ತರರಿಗೆ ಗಾಬರಿ, ಹೊಸ ಇಂಜಿನ್ನಿಗೆ ಇಷ್ಟು ರೇಸ್ ಯಾಕೆ ಅಂತ. ಕಾರಣ ಇದೆ. ಲೋಬ್‌ಗಳಿಗೆ ಬಹುಪಾಲು ಎಣ್ಣೆ ಸಿಗುವುದು ಕ್ರ್ಯಾಂಕ್ ತಿರುಗುವಾಗ ಸಿಡಿಸುವ ಎಣ್ಣೆಯಿಂದ, ಸ್ಲೋದಲ್ಲಿ ಅದು ಸಾಕಾಗುವುದಿಲ್ಲ. ಹಿಂದಿನ ಸಲ ಲೋಬ್ ಹೋಗಿದ್ದು ಗ್ರೀಸ್ ಮತ್ತು ಆ ಅರ್ಧ ದಿನದ ಸ್ಲೋ ಎರಡೂ ಸೇರಿ. ಪದ್ಮಿನಿಯ ಸ್ಪ್ರಿಂಗ್‌ಗಳು ಅಷ್ಟೇನೂ ಗಟ್ಟಿಯವಲ್ಲ, ಸ್ವಲ್ಪ ತಡೆದುಕೊಳ್ಳುತ್ತಿತ್ತು. ಎರಡೂ ಒಟ್ಟಿಗೆ ಬಿದ್ದಾಗ ತಡೆಯಲಿಲ್ಲ.

ತಣ್ಣಗಾದ ಮೇಲೆ ಎಣ್ಣೆ ಇಳಿಸಿದರೆ ಬೂದುಗಪ್ಪು ಬಣ್ಣ. ಮಾಸ್ತರರ ಮುಖ ಸಣ್ಣದಾಯಿತು. ಅದು ಮಾಲಿ ಪೇಸ್ಟ್ ತೊಳೆದುಕೊಂಡು ಬಂದ ಬಣ್ಣ, ಹೆದರುವಂಥದ್ದಲ್ಲ. ಬೆರಳಲ್ಲಿ ಉಜ್ಜಿದರೆ ನುಣ್ಣಗಿತ್ತು, ಚುಚ್ಚುವ ಚೂರು ಇರಲಿಲ್ಲ. ಫಿಲ್ಟರ್ ಬದಲಿಸಿ ಅದೇ 20ಡಬ್ಲ್ಯೂ-50 ಮತ್ತೆ ತುಂಬಿ, ಖಾನಾಪುರ ರಸ್ತೆಯಲ್ಲಿ ಓಡಿಸಲು ಕೊಟ್ಟೆವು. ಒಂದೇ ಸ್ಪೀಡಿನಲ್ಲಿ ಹೋಗಬೇಡಿ, ಏರಿಸಿ, ಇಳಿಸಿ, ಏರಿಸಿ. ರಿಂಗಿನ ಹಿಂದೆ ಒತ್ತಡ ಬಿದ್ದಾಗಲೇ ಅದು ಬೋರಿಗೆ ಕೂಡುವುದು. 500 ಕಿಲೋಮೀಟರಿಗೆ ಇನ್ನೊಮ್ಮೆ ಎಣ್ಣೆ ಬದಲಿಸಿ ಟ್ಯಾಪೆಟ್ ನೋಡಿದಾಗ ಗ್ಯಾಪ್ ಸೆಟ್ ಮಾಡಿದ ಹಾಗೇ ಇತ್ತು. ಲೋಬ್ ಸವೆಯುತ್ತಿದ್ದರೆ ಮೊದಲು ತಿಳಿಯುವುದು ಅಲ್ಲೇ, ಫೀಲರ್ ಗೇಜ್ ಸಡಿಲವಾಗಿ ಹೋಗುತ್ತದೆ. ಹೊಗೆ ನಿಂತಿತ್ತು. ಪ್ಲಗ್ ತೆಗೆದರೆ ನಾಲ್ಕೂ ಒಣಗಿದ ಕಂದು. ಸ್ಲೋದಲ್ಲೂ ಆಯಿಲ್ ಲೈಟ್ ಆರಿಯೇ ಇತ್ತು.

ರಿಂಗ್ ಕೂತ ಮೇಲೆ ಸಿಂಥೆಟಿಕ್ ಹಾಕಬಹುದಾ ಅಂತ ಮಗ ಮತ್ತೆ ಕೇಳಿದ. ಹಾಕಬಹುದು, 20ಡಬ್ಲ್ಯೂ-50 ದರ್ಜೆಯದೇ ಇರಬೇಕು ಅಷ್ಟೇ. ಆದರೆ ವರ್ಷಕ್ಕೆ ಸ್ವಲ್ಪವೇ ಓಡುವ ಗಾಡಿ ಇದು. ಆ ದುಡ್ಡಲ್ಲಿ ಮಿನರಲ್ ಎಣ್ಣೆಯನ್ನೇ ಪ್ರತಿ ಮಳೆಗಾಲ ಮುಗಿದ ಮೇಲೆ ಒಮ್ಮೆ ಬದಲಿಸಿ, ಜೊತೆಗೆ ಟ್ಯಾಪೆಟ್ ನೋಡಿಸಿ ಅಂದೆವು. ಮಾಸ್ತರರು ಒಪ್ಪಿದರು, ಪುಣೆಯ ಕ್ಯಾನ್ ಮಗನ ಕಾರಿನ ಡಿಕ್ಕಿಗೇ ಹೋಯಿತು.